ಮಗಳು ಸೋಲಲಿ ಎಂದು ಹೊತ್ತ ಹರಕೆ

ನಮ್ಮಕ್ಕ ಹುಟ್ಟಿದಾಗ ಅವಳ ಮೂಗು ಮುಖದ ನಟ್ಟನಡುವೆಯೇ ಇತ್ತು ಎಂದು ದೊಡ್ಡವ್ವ ಈಗಲೂ ಆಣೆ ಮಾಡಿ ಹೇಳುತ್ತಾಳೆ. ನಂಬುವವರು ಯಾರು? ಈಗ ಅದು ಅರ್ಜಿ ಹಾಕಿ ಬಲಗೆನ್ನೆಯ ಕಡೆಗೆ ವರ್ಗ ಮಾಡಿಸಿಕೊಂಡಂತಿದೆ! ಎಡಗಿವಿಯಂತೂ ಬೆಂದ ಹೂಕೋಸು. ಅಕ್ಕ ಅಂದರೆ ನನ್ನ ದೊಡ್ಡಪ್ಪನ ಮಗಳು. ಸುತ್ತ ತಂತಿಬಲೆ ಕಟ್ಟಿ, ಒಳಗೆ ಗುದ್ದು, ಒದೆ, ಕುಸ್ತಿ ಎಲ್ಲವನ್ನೂ ಕಲಸಿ ಆಡುತ್ತಾರಲ್ಲ, ಆ ಎಂಎಂಎ ಆಟದಲ್ಲಿ ಚಾಂಪಿಯನ್. ಕಂಪಲಾಪುರದ ಪಕ್ಕದ ಹೊಗೆಸೊಪ್ಪಿನ ಹೊಲದಿಂದ ಎದ್ದು ಹೋದವಳು!

ಇದಕ್ಕೆಲ್ಲ ಮೂಲ ದೊಡ್ಡಪ್ಪ. ಹರೆಯದಲ್ಲಿ ಗರಡಿಯ ಮಣ್ಣು ಮೆತ್ತಿಕೊಂಡಿದ್ದ ಪೈಲ್ವಾನ. ಇದ್ದವಳೊಬ್ಬಳೇ ಮಗಳು, ಕಲಿತ ಪಟ್ಟುಗಳನ್ನು ಇನ್ಯಾರಿಗೆ ಕೊಡಬೇಕು? ದೊಡ್ಡವ್ವ ಹೊಲಕ್ಕೆ ಬುತ್ತಿ ತಂದರೆ ಅಪ್ಪ ಮಗಳು ಮಣ್ಣಲ್ಲಿ ಉರುಳಾಡುತ್ತಿರುತ್ತಿದ್ದರು.

"ಹೆಣ್ಣುಡ್ಗಿಗೆ ಇದ್ಯಾಕೆ ಕಲುಸ್ತೀರಿ?"

"ಬಸ್ಸಲ್ಲಿ ಓಡಾಡಕ್ಕೆ ಬೇಕಲ್ವಾ!" ಎನ್ನುತ್ತಿದ್ದ ದೊಡ್ಡಪ್ಪ.

ಬೇಕೂ ಆಯಿತು. ಹುಣಸೂರಿನ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಮಹಾಶಯನ ಕೈ ಅಕ್ಕನ ಸೊಂಟದ ಕಡೆ ಬಂತು. ಅಕ್ಕ ಕಿರುಚಲಿಲ್ಲ. ಆ ಕೈಯನ್ನು ಅವನ ಬೆನ್ನ ಹಿಂದಕ್ಕೆ ತಿರುವಿ ಹಿಡಿದು ಕಿಟಕಿಯಾಚೆ ನೋಡುತ್ತ ನಿಂತಳು. ಅವನ ಊರು ಬಂತು. "ನನ್ ಸ್ಟಾಪು ಕಣವ್ವಾ..." ಎಂದು ಗೋಗರೆದ. "ಹುಣಸೂರ್ಗಂಟ ಬಾ ಅಣ್ಣಾ, ಟೀ ಕುಡ್ಕಂಡು ವಾಪಸ್ ಓಗೀವಂತೆ" ಅಂದಳು. ಕಂಡಕ್ಟರ್ ಬಂದು ಎಲ್ಲ ನೋಡಿದ. "ಮುಂದಕ್ಕೆ ಬರೋದಾದ್ರೆ ಇನ್ನೊಂದು ಟಿಕೆಟ್ ತಗೋಬೇಕು" ಎಂದು ಅವನ ಖಾಲಿ ಕೈಗೆ ಟಿಕೆಟ್ ಹರಿದುಕೊಟ್ಟ!

ಆ ವರ್ಷವೇ ದೊಡ್ಡಪ್ಪ ಎದೆನೋವು ಎಂದು ಬದುವಿನ ಮೇಲೆ ಕೂತವನು ಏಳಲಿಲ್ಲ. ತಿಥಿ ಮುಗಿದ ಮೇಲೆ ಅಕ್ಕ ಮೈಸೂರಿಗೆ ಹೋಗಿ ತರಬೇತಿಗೆ ಸೇರುತ್ತೇನೆಂದಳು. ದೊಡ್ಡವ್ವ ಬೇಡವೆಂದು ಅತ್ತಳು. "ಆಡ್ದೆ ಇದ್ರೆ ಅಪ್ಪನ ಪಟ್ಟೆಲ್ಲ ಮರ್ತೋಯ್ತವೆ ಕಣವ್ವಾ" ಅಂದಳು ಅಕ್ಕ. ದೊಡ್ಡವ್ವ ಕಣ್ಣೊರೆಸಿಕೊಂಡು ದಾರಿಗೆ ಬುತ್ತಿ ಕಟ್ಟಿದಳು.

ಅಲ್ಲಿಂದ ಅಕ್ಕ ಗೆಲ್ಲುತ್ತ ಹೋದಳು, ಮೂಗು ಸರಿಯುತ್ತ ಹೋಯಿತು. ನಡುವೆ ಕೆ.ಆರ್. ನಗರದಿಂದ ಒಂದು ಗಂಡಿನ ಕಡೆಯವರು ಬಂದರು. ಕಿವಿ ಕಾಣದಂತೆ ದೊಡ್ಡವ್ವ ಹೇರಿದ ಮಲ್ಲಿಗೆಯಲ್ಲಿ ಒಂದು ಮದುವೆ ಚಪ್ಪರ ಕಟ್ಟಬಹುದಿತ್ತು! ಹುಡುಗನ ತಾಯಿ ಅಕ್ಕರೆಯಿಂದ, "ಬಿಡುವಿದ್ದಾಗ ಏನ್ಮಾಡ್ತೀಯವ್ವಾ?" ಎಂದು ಕೇಳಿದರು. "ಕತ್ತು ಹಿಸುಕ್ತೀನಿ" ಅಂದಳು ಅಕ್ಕ. ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ದೊಡ್ಡವ್ವ ಬಯ್ದರೆ, "ಆ ಹುಡುಗ ನನ್ನ ತೂಕದೋನೇ ಅಲ್ಲ ಬುಡವ್ವ" ಎಂದು ಮಿಕ್ಕ ಉಪ್ಪಿಟ್ಟನ್ನೂ ತಿಂದಳು.

ಪ್ರತಿ ಪಂದ್ಯದ ದಿನ ದೊಡ್ಡವ್ವ ಮಾರವ್ವನ ಗುಡಿಗೆ ಹೋಗುತ್ತಿದ್ದಳು. ಮಗಳ ಗೆಲುವಿಗೆಂದೇ ನಾವೆಲ್ಲ ತಿಳಿದಿದ್ದೆವು. ಚಾಂಪಿಯನ್ ಪಟ್ಟದ ಪಂದ್ಯದ ದಿನ ಜೊತೆಗೆ ಹೋಗಿದ್ದ ನನ್ನ ಕಿವಿಗೆ ಆ ಬೇಡಿಕೆ ಬಿತ್ತು: "ತಾಯಿ, ನನ್ ಮಗ್ಳು ಸೋಲ್ಲಿ. ಮೈಕೈ ನೆಟ್ಟಗಿರಂಗೇ ಸೋತು ಮನೆಗ್ ಬಂದ್ಬುಡ್ಲಿ. ನಿಂಗೆ ತಂಬಿಟ್ಟಿನಾರತಿ ಎತ್ತೀನಿ."

ಅಂದು ಅಕ್ಕ ಗೆದ್ದಳು. ಊರೆಲ್ಲ ಪಟಾಕಿ ಹೊಡೆಯುತ್ತಿದ್ದರೆ ದೊಡ್ಡವ್ವ ಒಲೆಯ ಮುಂದೆ ಕೂತು, "ಮಾರವ್ವನಿಗೂ ವಯಸ್ಸಾಯ್ತು, ಕಿವಿ ಕೇಳಕಿಲ್ಲ" ಎಂದು ಗೊಣಗಿದಳು. ಹರಕೆಯ ವಿಷಯ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅಕ್ಕ ನಕ್ಕೂ ನಕ್ಕೂ, "ಲೇ, ನನ್ನೆದುರು ನಿಂತವಳ ತಾಯೂ ಇಷ್ಟು ಬೇಡ್ಕಂಡಿರಕಿಲ್ಲ ಕಣೇ!" ಅಂದಳು.

ಅದರ ಮುಂದಿನ ಪಂದ್ಯವನ್ನೂ ಅವಳು ಗೆದ್ದಳು. ಆದರೆ ಎದುರಾಳಿಯ ಮೊಣಕಾಲು ಎಡಗಣ್ಣಿಗೆ ಬಡಿದಿತ್ತು. ಒಂದು ಬೆಳಗ್ಗೆ ಎದ್ದಾಗ ಆ ಕಣ್ಣಿಗೆ ಕರಿಪರದೆ ಇಳಿದಿತ್ತು. ಶಸ್ತ್ರಚಿಕಿತ್ಸೆ ಮಾಡಿದರು; ಬೆಳಕು ಮರಳಲಿಲ್ಲ. ಇನ್ನು ಆಡುವಂತಿಲ್ಲ ಎಂದರು ಡಾಕ್ಟರು.

ಅಕ್ಕ ಮನೆಗೆ ಬಂದಳು. ನೋಡಲು ಬಂದವರಿಗೆಲ್ಲ, "ಅರ್ಧ ಲೋಕ ಕಂಡ್ರೆ ಸಾಕು ಬುಡಿ, ಪೂರ್ತಿ ಕಂಡೋರೇನು ಸುಖವಾಗವ್ರಾ?" ಎಂದು ತಮಾಷೆ ಮಾಡಿದಳು. ಅವರೆಲ್ಲ ಹೋದ ಮೇಲೆ ಲೋಟಕ್ಕೆ ಕಾಫಿ ಬಗ್ಗಿಸಲು ಹೋದಳು. ಕಾಫಿ ಲೋಟದ ಪಕ್ಕಕ್ಕೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವ ಅದನ್ನು ನೋಡಿದಳು. ಅಂದಿನಿಂದ ಅನ್ನ ಬಿಟ್ಟಳು.

ತಟ್ಟೆ ಹಿಡಿದು ನಾನು ಬೇಡಿಕೊಂಡೆ. ಗೋಡೆಗೆ ಮುಖ ಮಾಡಿಕೊಂಡೇ ಹೇಳಿದಳು: "ನಾನೇ ಕಣವ್ವಾ ಮಾಡಿದ್ದು. ಮನೆಗ್ ಬರ್ಲಿ ಅಂತ ಬೇಡ್ಕಂಡೆ. ಮಾರವ್ವ ಮಗ್ಳ ಕಳುಸ್ದ್ಳು, ಕಣ್ಣು ಮಡಿಕ್ಕಂಡ್ಳು."

ಅಕ್ಕ ಅಲ್ಲೇ ಇದ್ದಳು. ಬಂದು ತಾಯಿಯ ಎದುರು ನೆಲದ ಮೇಲೆ ಕೂತಳು. "ಅವ್ವಾ, ನಿನ್ ಬೇಡಿಕೆಗೆ ಅಷ್ಟು ಶಕ್ತಿ ಇದ್ದಿದ್ರೆ ನಾನು ಮೊದಲ್ನೇ ಪಂದ್ಯದಲ್ಲೇ ಸೋಲ್ತಿದ್ದೆ. ಒಂದಾದ್ರೂ ಸೋತ್ನಾ, ಏಳು."

ದೊಡ್ಡವ್ವನಿಗೆ ಅದು ಕೇಳಿಸಿತೋ ಇಲ್ಲವೋ. ತಿರುಗಿ ಮಗಳ ಕುತ್ತಿಗೆಗೆ ಕೈಹಾಕಿ, ಎದೆಗೆ ಎಳೆದುಕೊಂಡು, ದೊಡ್ಡಪ್ಪ ಹೋದಾಗಲೂ ಅಳದ ಹಾಗೆ ಅತ್ತಳು. ಅಕ್ಕನಿಗೆ ಉಸಿರಾಡಲೂ ಆಗುತ್ತಿರಲಿಲ್ಲ.

ಅವರ ಆಟದಲ್ಲಿ, ಹಿಡಿತ ಬಿಡಿಸಿಕೊಳ್ಳಲಾಗದೆ ಸೋಲೊಪ್ಪುವವರು ಎದುರಾಳಿಯ ಮೈಯನ್ನು ಅಂಗೈಯಲ್ಲಿ ತಟ್ಟುತ್ತಾರೆ. ಅಕ್ಕ ಯಾರ ಕೈಯಲ್ಲೂ ಹಾಗೆ ತಟ್ಟಿದವಳಲ್ಲ. ಈಗ ಅವಳ ಕೈ ಮೆಲ್ಲಗೆ ಮೇಲೆದ್ದು ತಾಯಿಯ ಬೆನ್ನನ್ನು ತಟ್ಟಿತು. ಮತ್ತೆ ತಟ್ಟಿತು.

ದೊಡ್ಡವ್ವನಿಗೆ ಅದರ ಅರ್ಥ ಗೊತ್ತಿಲ್ಲ. ಮಗಳು ಸಮಾಧಾನ ಮಾಡುತ್ತಿದ್ದಾಳೆ ಅಂದುಕೊಂಡು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.