ನೂರ್ ಅಹಮದನಿಗೆ ಸಿಕ್ಕ ಬೇಲು

ಟೀವಿಯಲ್ಲಿ ಯಾವುದೋ ದೂರದೇಶದ ಜನ ಬೀದಿಗಿಳಿದು ಬೊಬ್ಬೆ ಹೊಡೆಯುತ್ತಿದ್ದರು. ಮುಳುಗುತ್ತಿದ್ದ ಕಾರು ಕಂಪನಿಗಳಿಗೆ ಅಲ್ಲಿನ ಸರ್ಕಾರ ತೆರಿಗೆ ದುಡ್ಡು ಸುರಿದು ‘ಬೇಲ್‌ಔಟ್’ ಕೊಟ್ಟಿತ್ತಂತೆ. ತೆಂಗಿನ ತೋಟದ ಮಾಯಣ್ಣನ ಕಿವಿಗೆ ಬಿದ್ದದ್ದು ‘ಕಾರು’, ‘ಸರ್ಕಾರ’, ‘ಬೇಲ್’ ಇಷ್ಟು ಮಾತ್ರ. ಹಿಂದೊಮ್ಮೆ ಬದುವಿನ ಜಗಳದಲ್ಲಿ ಬೇಲು ಸಿಗದೆ ತಿಪಟೂರಿನ ಕೋರ್ಟಿಗೆ ಮೂರು ದಿನ ಅಲೆದವನಿಗೆ ಇನ್ನೇನು ತಾನೇ ಕೇಳಿಸೀತು!

ಅದೇ ಉರಿಯಲ್ಲಿ ಪೇಟೆಗೆ ಬಂದರೆ, ಕಾರು ಮೆಕ್ಯಾನಿಕ್ ನೂರ್ ಅಹಮದ್ ಇಸ್ತ್ರಿ ಶರ್ಟು ಹಾಕಿಕೊಂಡು ಗ್ಯಾರೇಜಿನ ಮುಂದೆ ನಿಂತಿದ್ದ.

“ಎಲ್ಲಿಗ್ಲಾ ಸವಾರಿ?”

“ನಾಲ್ಕು ಗಂಟೆಗೆ ಸ್ಟೇಷನ್ನಿಗೆ ಹೋಗ್ಬೇಕು ಕಣಣ್ಣ.”

“ಯಾಕ್ಲಾ?”

“ಏನಿಲ್ಲ... ಹಿಂಗೇ.”

ಮಗಳು ಮಾಹಿರಾಳನ್ನು ನೋಡಲು ಗಂಡಿನ ಕಡೆಯವರು ರೈಲಿನಲ್ಲಿ ಬರುವವರಿದ್ದರು. ಎರಡು ಸಂಬಂಧ ತಪ್ಪಿಹೋಗಿ ಇದು ಮೂರನೆಯದು. ದೃಷ್ಟಿ ತಾಗೀತೆಂದು ಹೆಂಡತಿ ರಜಿಯಾ ಬೇಗಂ ಅವನ ಬಾಯಿಗೆ ಬೀಗ ಹಾಕಿದ್ದಳು.

ಮಾಯಣ್ಣ ಬೇಲನ್ನೂ ಸ್ಟೇಷನ್ನನ್ನೂ ಕೂಡಿಸಿ, ನೂರ್ ಜೈಲಿಂದ ಬೇಲಿನ ಮೇಲೆ ಬಂದವ್ನೆ ಎಂದು ಪೇಟೆಗೆಲ್ಲ ಸಾರಿದ. ಅರ್ಧ ಗಂಟೆಯಲ್ಲಿ ಗ್ಯಾರೇಜಿನ ಮುಂದೆ ಜನ ಸೇರಿದರು.

“ಒಳಗೆ ಊಟ ಹೆಂಗಿತ್ತಪ್ಪಾ?” ಎದುರಂಗಡಿಯ ಹುಚ್ಚಣ್ಣ ಕನಿಕರದಿಂದ ಕೇಳಿದ.

“ಯಾವ ಒಳಗೆ?” ನೂರ್ ಕಣ್ಣು ಕಣ್ಣು ಬಿಟ್ಟ.

“ಕಾರಿನೋರ್ಗೆಲ್ಲ ಸರ್ಕಾರಾನೇ ಬೇಲು ಕೊಡ್ತಂತಲ್ಲ!” ಕೊಬ್ಬರಿ ಮಾರಲು ಬಂದಿದ್ದ ಕೊಲ್ಲಾಪುರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಕೊಬ್ರಿ ರೇಟು ಬಿದ್ದು ನಾವು ಬಾಯಿ ಬಡ್ಕೊಂಡಾಗ ಯಾವ ಸರ್ಕಾರ ಬಂದಿತ್ತು?”

“ಅಕ್ಕಾ, ನಾನು ಕಾರು ಮಾಡೋನಲ್ಲ, ರಿಪೇರಿ ಮಾಡೋನು!”

“ಎಲ್ಲಾ ಒಂದೇ ಬುಡು. ನೀನೇನು ಎತ್ತಿನ ಗಾಡಿ ರಿಪೇರಿ ಮಾಡ್ತೀಯಾ?”

ಒಂದು ಕ್ಷಣ, ತಾನೆಂದಾದರೂ ಜೈಲಿಗೆ ಹೋಗಿದ್ದೆನೇ ಎಂದು ನೂರ್‌ಗೇ ಅನುಮಾನ ಬಂತು. ಈ ಮಾತು ಬೀಗರ ಕಿವಿಗೆ ಬಿದ್ದರೆ? ತನ್ನ ಮೇಲೆ ಯಾವ ಕೇಸೂ ಇಲ್ಲವೆಂದು ಪೊಲೀಸರಿಂದಲೇ ಬರೆಸಿ ತಂದರಾಯಿತೆಂದು ಮೂರು ಗಂಟೆಗೆ ಪೊಲೀಸ್ ಸ್ಟೇಷನ್ನಿಗೆ ಓಡಿದ.

ಹೆಡ್ ಕಾನ್ಸ್‌ಟೇಬಲ್ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಕೇಸು ಮಾಡಿ ಬಂದೋರನ್ನ ನೋಡಿದೀನಿ, ಕೇಸಿಲ್ಲ ಅಂತ ಬಂದೋನು ನೀನೇ ಮೊದ್ಲು. ಸಾಹೇಬ್ರು ಬರ್ತಾರೆ, ಕೂತ್ಕೋ. ಅಷ್ಟ್ರಲ್ಲಿ ಇವ್ನು ಒಳ್ಳೇನು ಅಂತ ಸೈನ್ ಹಾಕೋಕೆ ಊರೋರು ಯಾರನ್ನಾದ್ರೂ ಕರೆಸು.”

ನೂರ್ ಮಾಯಣ್ಣನಿಗೆ ಫೋನು ಹಚ್ಚಿದ. “ಅಣ್ಣಾ, ಪೊಲೀಸ್ ಸ್ಟೇಷನ್ನಲ್ಲಿದೀನಿ. ಒಂದು ಸೈನ್ ಬೇಕಿತ್ತು.”

“ಸರ್ಕಾರಾನೇ ನಿಂಗೆ ಜಾಮೀನು ನಿಂತೈತೆ, ನನ್ ಸೈನು ಯಾವ ಮೂಲೆಗ್ಲಾ?” ಫೋನು ಕಟ್ಟಾಯಿತು.

ಗಡಿಯಾರದಲ್ಲಿ ನಾಲ್ಕು ದಾಟಿತು. ಸಾಹೇಬರು ಬರಲಿಲ್ಲ, ಕಾಗದವಿಲ್ಲದೆ ಏಳುವಂತೆಯೂ ಇಲ್ಲ; ನೂರ್ ಬೆಂಚಿನ ತುದಿಯಲ್ಲಿ ಕೂತೇ ಇದ್ದ.

ಅತ್ತ ಗಂಡಿನ ತಂದೆ ರೈಲಿಳಿದು ಅರ್ಧ ಗಂಟೆ ಕಾದರು. ಯಾರೂ ಬರಲಿಲ್ಲ. ವಿಳಾಸ ಕೇಳುತ್ತಾ ಮನೆಯವರೊಂದಿಗೆ ಗ್ಯಾರೇಜಿನವರೆಗೆ ನಡೆದರು. ಬಾಗಿಲು ಹಾಕಿತ್ತು. ಪಕ್ಕದಲ್ಲಿ ಮಾಯಣ್ಣ ನಿಂತಿದ್ದ.

“ನೂರ್ ಅಹಮದ್ ಸಾಹೇಬ್ರು ಎಲ್ಲಿ ಸಿಗ್ತಾರೆ? ಅವ್ರ ಮಗಳನ್ನ ನೋಡೋಕೆ ಬಂದಿದ್ದೀವಿ.”

ಮಾಯಣ್ಣನ ಮನಸ್ಸು ಕರಗಿತು. ಏನೇ ಆಗಲಿ, ಹೆಣ್ಣು ಮಗುವಿನ ವಿಷಯ. ಮುಚ್ಚಿಡಬಾರದು, ದಾರಿ ತೋರಿಸಬೇಕು.

“ಸ್ಟೇಷನ್ನಾಗೆ ಅವ್ನೆ ಸ್ವಾಮಿ.”

“ಈಗ ಅಲ್ಲಿಂದ್ಲೇ ಬಂದ್ವಲ್ಲ, ಕಾಣಿಸ್ಲಿಲ್ಲ.”

“ಅಯ್ಯೋ, ರೈಲು ಬರೋ ಸ್ಟೇಷನ್ನಲ್ಲ ಸ್ವಾಮಿ,” ಎಂದ ಮಾಯಣ್ಣ, “ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ. ಪಾಪ, ಬೇಲು ಸಿಕ್ರೂ ಇನ್ನೂ ಬುಟ್ಟಿಲ್ಲ.”