ಪಾರ್ವತೆವ್ವನ ಅಂಕಗಳೂ ಗುರುಶಾಂತನ ದಿಗ್ವಿಜಯವೂ

ಕೇಳಿರಿ, ಕುರ್ಚಿಗೆ ಬೆನ್ನಂಟಿಸಿ ಕುಳಿತ ಸಜ್ಜನರೇ! ಕೀಲಿಮಣೆಗಳ ಟಕಟಕವೇ ರಣಭೇರಿಯಾಗಿ ಮೊಳಗುವ ಈ ಸರ್ವರ್‌ಯುಗದಲ್ಲಿ, ಹುಬ್ಬಳ್ಳಿಯೆಂಬ ಮಹಾಪತ್ತನದ ಒಂದು ಓಣಿಯ ಎರಡನೆಯ ಮಹಡಿಯಲ್ಲಿ, ಗುರುಶಾಂತ ಹಂಚಿನಮನಿಯೆಂಬ ಮಹಾರಥಿಯು ಜಾಲತಾಣಗಳನ್ನು ಕಟ್ಟುತ್ತ ವಿರಾಜಿಸುತ್ತಿದ್ದನು. ಲಕ್ಷಪಂಕ್ತಿಲೇಖನಧುರಂಧರ, ಪರದೋಷಾನ್ವೇಷಣಚತುರ, ಸ್ವದೋಷದರ್ಶನಾಂಧ! ಮೊದಲಿನ ಎರಡು ಬಿರುದು ಅವನೇ ಇಟ್ಟುಕೊಂಡದ್ದು, ಮೂರನೆಯದು ನನ್ನ ಕಾಣಿಕೆ.

ಆ ದಿನ ಮಧ್ಯಾಹ್ನ ಮೂರಕ್ಕೆ ಪಾರ್ವತೆವ್ವ ಬಡಿಗೇರ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದಳು. ಅಂಗನವಾಡಿಯ ಸಹಾಯಕಿ, ನಲವತ್ತೆರಡನೆಯ ವಯಸ್ಸಿಗೆ ಹೊರಗಿನಿಂದ ಪಿಯುಸಿ ಪರೀಕ್ಷೆ ಕಟ್ಟಿದವಳು. ಫಲಿತಾಂಶ ಅಂದು ಬೆಳಿಗ್ಗೆಯಷ್ಟೇ ಗುರುಶಾಂತನು ಕಟ್ಟಿದ ಪುಟದಲ್ಲಿ ಪ್ರಕಟವಾಗಿತ್ತು. ಆದರೆ ನಂಬರು ಹಾಕಿದರೆ ವಿಷಯಗಳ ಹೆಸರು ಬರುತ್ತಿತ್ತು, ಅಂಕದ ಮನೆಗಳೆಲ್ಲ ಖಾಲಿ.

"ಎಪ್ಪಾ, ಹತ್ತ ಸಲ ನಂಬರ ಹೊಡದೇನಿ. ಐದಕ್ಕ ಆಫೀಸಿನ್ಯಾಗ ಅರ್ಜಿ ತಗೊಳ್ಳೂದು ಬಂದ್ ಮಾಡ್ತಾರ. ಇಪ್ಪತ್ತ ವರ್ಷ ಉಪ್ಪಿಟ್ಟ ತಿರುವೇನಿ, ಈಗರ ಟೀಚರ್ ಆಗಬೇಕಂತ ಆಸೆ ಐತಿ. ಅಂಕದ ಹಾಳಿ ಒಂದ ಕೊಡಸ್ರಿ" ಎಂದಳು.

ಆಗ ಆ ವೀರನು ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ, ಅಷ್ಟದಿಕ್ಕುಗಳೂ ಬೆಚ್ಚುವಂತೆ ಗರ್ಜಿಸಿದನು: "ನನ್ನ ಕೋಡಿನ್ಯಾಗ ತಪ್ಪಾ? ಹನ್ನೊಂದ ವರ್ಷ ಆತು, ಈ ಕೈ ಬರದಿದ್ದು ಒಂದ ಸರ್ತಿನೂ ಬಿದ್ದಿಲ್ಲ! ತಪ್ಪು ಸರ್ವರಿಂದು. ಇಲ್ಲಾಂದ್ರ ನೆಟ್ಟಿಂದು. ಅದೂ ಅಲ್ಲಾಂದ್ರ ನಿಮ್ಮ ಮೊಬೈಲಿಂದು!"

ಅಯ್ಯೋ, ಎಂಥ ಧೀರೋದಾತ್ತ ವಾಣಿ! ಗಡಿಯಾರ ಮಾತ್ರ ಅದಕ್ಕೆ ಸೊಪ್ಪು ಹಾಕಲಿಲ್ಲ.

ಸಮರ ಆರಂಭವಾಯಿತು. ಗುರುಶಾಂತನು ಪಾರ್ವತೆವ್ವನಿಗೆ ವಿವರಿಸಿದ ಪ್ರಕಾರ ಅಂಕಗಳಿದ್ದದ್ದು ಡಬ್ಬಿಯೊಳಗೆ ಡಬ್ಬಿಯಾಗಿ: ವರ್ಷದ ಡಬ್ಬಿ, ಅದರೊಳಗೆ ನೋಂದಣಿ ಸಂಖ್ಯೆಯದು, ಅದರೊಳಗೆ ವಿಷಯದ್ದು. ಯಾರು ಯಾವ ನಂಬರು ಕೇಳುವರೋ ಮೊದಲೇ ತಿಳಿಯದು; ಕೇಳಿದ ಕ್ಷಣಕ್ಕೆ ಈ ಹೆಸರುಗಳನ್ನು ಚುಕ್ಕಿಯಿಟ್ಟು ಪೋಣಿಸಿದ ಚೀಟಿಯೊಂದು ಸಿದ್ಧವಾಗಿ, ಪ್ರೋಗ್ರಾಂ ಅದನ್ನೋದುತ್ತ ಒಂದೊಂದೇ ಡಬ್ಬಿ ತೆರೆಯಬೇಕು. ಗುರುಶಾಂತನು ಸುತ್ತು ಹೊಡೆಯುವ ಲೂಪಿನೊಳಗೆ ಲೂಪು, ಅದರೊಳಗೆ ಇನ್ನೊಂದು ಲೂಪು ಬರೆದು ನೂರ ನಲವತ್ತು ಸಾಲುಗಳ ಚಕ್ರವ್ಯೂಹವನ್ನೇ ರಚಿಸಿದನು. ಖಾಲಿ. ಸರ್ವರನ್ನು ಆರಿಸಿ ಹಚ್ಚಿದನು. ಖಾಲಿ. ದಿಕ್ಕು ಸರಿಯಿಲ್ಲವೆಂದು ಮೇಜನ್ನೇ ಪೂರ್ವಕ್ಕೆ ತಿರುಗಿಸಿದನು. ಥೂ, ಅದನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ.

ನಾಲ್ಕೂಕಾಲಾಯಿತು. ಪಾರ್ವತೆವ್ವ ಸೆರಗಿನ ತುದಿಯನ್ನು ಹಿಂಡುತ್ತ ಕೇಳಿದಳು: "ಡಬ್ಬ್ಯಾಗ ಡಬ್ಬಿ ಅಂತೀರಿ. ಎಲ್ಲಾಕ್ಕಿಂತ ಹೊರಗಿಂದು ತೆಗದೀರಿಲ್ಲೋ?"

"ಅಕ್ಕಾರ, ಇದು ಉಪ್ಪಿಟ್ಟಿನ ರವಾ ಡಬ್ಬಿ ಅಲ್ಲ!" ಎಂದು ಪ್ರಚಂಡನು ಅಬ್ಬರಿಸಿದನು.

ಪಕ್ಕದ ಮೇಜಿನಲ್ಲಿ ಕಸ್ತೂರಿ ಕೆಲಸ ಮಾಡುತ್ತಿದ್ದಳು. ಪುಟಗಳಿಗೆ ಬಣ್ಣ ಹಚ್ಚುವವಳೆಂದು ಅವಳನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಪಾರ್ವತೆವ್ವನ ಮಾತು ಕೇಳಿ ಅವಳು ಅಂಕಗಳ ಕಡತವನ್ನೇ ತೆರೆದು ನೋಡಿದಳು.

"ಸರ, ಎಲ್ಲಾಕ್ಕಿಂತ ಹೊರಗ 'ಶ್ರೀ' ಅಂತೊಂದ ಡಬ್ಬಿ ಐತ್ರಿ. ನಿಮ್ಮ ಚೀಟಿ ವರ್ಷದಿಂದ ಚಾಲೂ ಆಗತೈತಿ. ಈ ಶ್ರೀ ಯಾರ ಹಾಕಿದ್ರು?"

ಮಹಾರಥಿಯು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದನು. "ಮುಂಜಾನೆ... ನಾನ. ಶ್ರೀ ಬರೀಲಾರದ ಹೊಸಾ ಕಡತ ಹೆಂಗ ಏರಸೂದು? ನಮ್ಮ ಅಜ್ಜಾರ ಕಾಲದಿಂದ ಪದ್ಧತಿ. ಬರೇ ಶ್ರೀ ಅಂತ ಬರದ್ರ ಕಡತ ಒಡೀತಿತ್ತು, ಅದಕ್ಕ ಡಬ್ಬಿ ಮಾಡಿ ಎಲ್ಲಾ ಅದರಾಗ ಹಾಕ್ದೆ."

ಭಲೇ! ಬೆಳಿಗ್ಗೆ ತಾನೇ ಭಕ್ತಿಯಿಂದ ಹಾಕಿದ ಮುಚ್ಚಳವನ್ನು ಮರೆತು, ಮಧ್ಯಾಹ್ನವಿಡೀ ಮೂರು ಲೋಕವನ್ನು ಬೈದ ಶೂರನಿವನು.

ಕಸ್ತೂರಿ ಚೀಟಿಯ ಮುಂದೆ 'ಶ್ರೀ' ಎಂದು ಬರೆದು, ಒಂದು ಚುಕ್ಕಿಯಿಟ್ಟಳು. ಅಷ್ಟೇ. ಕನ್ನಡ ಎಪ್ಪತ್ತೆರಡು, ಇತಿಹಾಸ ಅರವತ್ತೆಂಟು, ಹೀಗೆ ಮನೆಗಳು ತುಂಬುತ್ತ ಬಂದವು. ಕೊನೆಗೆ ಅರ್ಥಶಾಸ್ತ್ರ, ಮೂವತ್ತೈದು. ಪಾಸು! ಪಾರ್ವತೆವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೇಬಿಟ್ಟಳು.

"ನೋಡ್ರಿ, ಕಡೀಕ ಹೆಂಗ ಗೆದ್ವಿ..." ಎಂದು ಗುರುಶಾಂತನು ಎದ್ದು ನಿಂತನು.

"ಎಪ್ಪಾ, ಮಾತ ಆಮ್ಯಾಲ. ಪ್ರಿಂಟರಿನ್ಯಾಗ ಹಾಳಿ ಇಲ್ಲಂತ. ಒಂದ ಹಾಳಿ ಇಡ್ರಿ, ಮೊದಲ" ಎಂದಳು ಪಾರ್ವತೆವ್ವ.

ನಾಲ್ಕೂವರೆಗೆ ಅವಳು ಮೆಟ್ಟಿಲಿಳಿದು ಓಡಿದಳು. ಐದಕ್ಕೆ ಐದು ನಿಮಿಷವಿರುವಾಗ ಕಸ್ತೂರಿಗೆ ಫೋನ್ ಬಂತು: "ಕೊಟ್ಟೆ ಯವ್ವಾ! ತಗೊಂಡ್ರು!"

ಈ ಗಾಥೆಯನ್ನು ಓದಿದವರಿಗೆ ಯಾವ ಪುಣ್ಯವೂ ಇಲ್ಲ, ಸುಮ್ಮನೆ ಆಸೆಪಡಬೇಡಿ. ಆ ನೂರ ನಲವತ್ತು ಸಾಲುಗಳನ್ನು ಕಸ್ತೂರಿ ಸಂಜೆಯೇ ಅಳಿಸಿಹಾಕಿದಳು. ಲಕ್ಷಪಂಕ್ತಿಲೇಖನಧುರಂಧರನು ಅಂದು ಮಾಡಿದ ಕೆಲಸದಲ್ಲಿ ಉಳಿದದ್ದು, ಪ್ರಿಂಟರಿಗೆ ಇಟ್ಟ ಆ ಒಂದು ಹಾಳೆ. ಅದನ್ನೂ ಮೊದಲು ಸೊಟ್ಟಗೆ ಇಟ್ಟಿದ್ದನು.