ಸದ್ದಿಲ್ಲದೆ ಬಂದ ಅಳತೆಯಣ್ಣ

ಅಳತೆಯಣ್ಣನ ಹಳೇ ಬೈಕಿಗೆ ಎರಡೇ ವಿದ್ಯೆ ಗೊತ್ತಿತ್ತು. ಒಂದು ಕಿರುಚುವುದು, ಇನ್ನೊಂದು ಸಾಯುವುದು. ಆಕ್ಸಿಲರೇಟರ್ ಪೂರ್ತಿ ಬಿಟ್ಟ ಮೇಲೂ ಇಂಜಿನ್ ಹಠ ಹಿಡಿದ ಮಗುವಿನಂತೆ ಕಿರುಚುತ್ತಲೇ ಇರುತ್ತಿತ್ತು. ಕಿರುಚಾಟ ತಗ್ಗಲೆಂದು ಸ್ಕ್ರೂ ತಿರುಗಿಸಿ ಇಳಿಸಿದರೆ ಮುಂದಿನ ಸಿಗ್ನಲ್ಲಿನಲ್ಲೇ ಗಕ್ಕೆಂದು ಉಸಿರು ನಿಲ್ಲಿಸುತ್ತಿತ್ತು. ಆಮೇಲೆ ಇಳಿದು ತಳ್ಳುವುದೊಂದೇ ದಾರಿ.

ಬೇರೆಯವರ ಗಾಡಿ ಹೀಗಾಗಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಅಳತೆಯಣ್ಣ ಇದ್ದದ್ದು ಶವಪೆಟ್ಟಿಗೆ ಅಂಗಡಿಯಲ್ಲಿ. ಸಾವಾದ ಮನೆಗೆ ಹೋಗಿ, ಕರಿ ಕೋಟಿನ ಜೇಬಿನಿಂದ ಸ್ಟೀಲ್ ಟೇಪು ತೆಗೆದು, ತಲೆಯಿಂದ ಹಿಮ್ಮಡಿಗೆ ಒಂದು, ಭುಜದಿಂದ ಭುಜಕ್ಕೆ ಒಂದು ಅಳತೆ ತೆಗೆದುಕೊಂಡು ಬರುವುದು ಅವನ ಕೆಲಸ. ಅದಕ್ಕೇ ಆ ಹೆಸರು. ಅವನ ನಿಜವಾದ ಹೆಸರು ನೆನಪಿದ್ದದ್ದು ಹೆಂಡತಿಗೆ ಮಾತ್ರ. ಅವಳೂ ಅದನ್ನು ಸಿಟ್ಟು ಬಂದಾಗಲಷ್ಟೇ ಹೊರಗೆ ತೆಗೆಯುತ್ತಿದ್ದಳು.

ಆ ಕಿರುಚಾಟದ ಪರಿಚಯ ಊರಿಗೆಲ್ಲ ಇತ್ತು. ಅದು ಬೀದಿಯ ತಿರುವಿನಲ್ಲಿ ಕೇಳಿಸಿದರೆ ಸಾಕು, ಕಾಯಿಲೆ ಬಿದ್ದು ಮಲಗಿದವರೆಲ್ಲ ದಿಂಬಿನಿಂದ ತಲೆ ಎತ್ತಿ ಕಿವಿಗೊಡುತ್ತಿದ್ದರು. ತಮ್ಮ ಮನೆ ದಾಟಿ ಮುಂದೆ ಹೋದರೆ ಸಮಾಧಾನದಿಂದ ಮಗ್ಗುಲು ಬದಲಿಸುತ್ತಿದ್ದರು.

ಹಿಂದಿನ ದಿನ ಒಂದು ಮನೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಮೌನವಾಗಿ ನಿಂತಿದ್ದ ಹೊತ್ತಿಗೇ ಅವನು ಬಾಗಿಲಿಗೆ ಬಂದಿದ್ದ. ಕೀಲಿ ಕಿತ್ತು ಕೈಯಲ್ಲಿ ಹಿಡಿದರೂ ಇಂಜಿನ್ ನಿಲ್ಲಲಿಲ್ಲ. ಕಿರುಚಿ ಕಿರುಚಿ ಕೊನೆಗೆ ಢಬ್ ಎಂದು ಗುಂಡು ಹಾರಿಸಿದಂತೆ ಸಿಡಿದು ಸುಮ್ಮನಾಯಿತು. ಸತ್ತವರ ತಮ್ಮ ಎದೆ ಹಿಡಿದುಕೊಂಡು ನೆಲಕ್ಕೆ ಕೂತ. ಇನ್ನೊಂದು ಅಳತೆ ಸಿಗುವುದು ಸ್ವಲ್ಪದರಲ್ಲೇ ತಪ್ಪಿತು.

ಇಂದು ಬೆಳಿಗ್ಗೆ ಅಂಗಡಿಯ ಯಜಮಾನನ ಫೋನು ಬಂತು.

"ಇವತ್ತು ದೊಡ್ಡ ಮನೆ ಕೆಲಸ ಕಣಯ್ಯ. ಮೂರು ಗಂಟೆಗೆ ಬರೋಕೆ ಹೇಳಿದಾರೆ. ಗಾಡಿ ಕಿರುಚಬಾರದು, ನೀನು ಲೇಟಾಗಬಾರದು. ಎರಡರಲ್ಲಿ ಒಂದಾದ್ರೂ ಆಯ್ತೋ, ಆ ಟೇಪು ತಂದು ನನ್ನ ಬಾಮೈದನ ಕೈಗೆ ಕೊಟ್ಟು ಮನೆಗೆ ಹೋಗು."

ಬಾಮೈದ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ಬಹಳ ದಿನದಿಂದ ಆ ಟೇಪನ್ನೇ ನೋಡುತ್ತಿದ್ದ, ಬೆಕ್ಕು ಮೀನಿನ ಬುಟ್ಟಿಯನ್ನು ನೋಡುವ ಹಾಗೆ. ಈ ವಯಸ್ಸಿನಲ್ಲಿ ಟೇಪು ಕಳೆದುಕೊಂಡವನಿಗೆ ಬೇರೆ ಕೆಲಸ ಕೊಡುವವರು ಯಾರು? ಅಳತೆಯಣ್ಣ ಕೋಟು ಬಿಚ್ಚಿ, ಅಂಗಳದಲ್ಲಿ ಬೈಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ.

ಅಂಗಳದಲ್ಲಿ ಸ್ಪ್ಯಾನರ್ ಸದ್ದಾದರೆ ಪಕ್ಕದ ಮನೆಯ ರಿಟೈರ್ಡ್ ಡ್ರಿಲ್ ಮಾಸ್ತರು ಒಳಗೆ ಕೂರುವವರಲ್ಲ.

"ಏನಾಗಿದೆ ಇದಕ್ಕೆ?"

"ಎಲ್ಲೋ ಗಾಳಿ ಎಳೀತಿದೆ ಸಾರ್. ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವೆ ಎಲ್ಲೋ ಬಿರುಕು ಬಿಟ್ಟಿರಬೇಕು."

"ಗಾಳಿ ಎಳೆದ್ರೆ ಒಳ್ಳೇದೇ ಅಲ್ವೇನಯ್ಯ? ದೀರ್ಘವಾಗಿ ಉಸಿರು ಎಳ್ಕೊಳ್ಳಿ ಅಂತ ನಾನು ಜೀವನಪೂರ್ತಿ ಹೇಳಿಕೊಟ್ಟಿದೀನಿ."

"ಇದು ಕಳ್ಳಗಾಳಿ ಸಾರ್. ಪೆಟ್ರೋಲಿನ ಜೊತೆ ಅಳತೆಯಾಗಿ ಹೋಗಬೇಕು. ಸಂದಿಯಲ್ಲಿ ನುಗ್ಗಿದ್ರೆ ಇಂಜಿನ್ನಿಗೆ ಹುಚ್ಚು ಹಿಡಿಯುತ್ತೆ."

ಮಹಡಿಯ ಮನೆಯ ಟೈಲರ್ ಈ ಮಾತು ಕೇಳಿ ಇಳಿದು ಬಂದ. ಬರುವಾಗ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯ ಜೊತೆ ಒಂದು ಹಳೆಯ ಚಾದರದ ತುಂಡನ್ನೂ ತಂದ. ಅದನ್ನು ಮಡಿಸಿ ಅಳತೆಯಣ್ಣನ ಮೊಣಕಾಲಿನ ಕೆಳಗೆ ತುರುಕಿದ.

"ಗಾಡಿ ಚಾಲೂ ಮಾಡು. ನಾನು ಎಲ್ಲಾ ಕಡೆ ನೀರು ಹೊಡೀತೀನಿ. ಬಿರುಕು ಇರೋ ಕಡೆ ನೀರು ಬಿದ್ರೆ ಸಂದಿ ಮುಚ್ಚಿ ಸದ್ದು ಬದಲಾಗುತ್ತೆ."

ಬೈಕು ಕಿರುಚಿತು. ಎದುರು ಮನೆಯ ಕಿಟಕಿಯೊಂದು ಪಟ್ಟನೆ ಮುಚ್ಚಿಕೊಂಡಿತು. ಟೈಲರ್ ಕೊಳವೆಗೆ ನೀರು ಹೊಡೆದ, ಕ್ಲಿಪ್ಪಿಗೆ ಹೊಡೆದ, ಅಡ್ಡ ನಿಂತಿದ್ದ ಡ್ರಿಲ್ ಮಾಸ್ತರ ಮುಖಕ್ಕೂ ಹೊಡೆದ. ಕೊನೆಗೆ ಇಂಜಿನ್ನಿಗೆ ಕೊಳವೆ ಕೂಡುವ ಕಡೆ ನೀರು ತಾಗಿದ್ದೇ, ಕಿರುಚುತ್ತಿದ್ದ ಗಾಡಿ ಒಂದು ಗಳಿಗೆ ಯಾರೋ ಗದರಿಸಿದಂತೆ ತಣ್ಣಗಾಯಿತು.

"ಸಿಕ್ತು! ಕಳ್ಳ ಸಿಕ್ಕಿದ!" ಟೈಲರ್ ಕುಣಿದ.

"ಬಿಡಿ, ಇದಕ್ಕೆ ಬೇಕಾಗಿರೋದು ಶಿಸ್ತು," ಎಂದು ಡ್ರಿಲ್ ಮಾಸ್ತರು ಸ್ಪ್ಯಾನರ್ ಕಸಿದುಕೊಂಡರು. ಬೇಡ ಎನ್ನುವಷ್ಟರಲ್ಲಿ ಹಲ್ಲು ಕಚ್ಚಿ, ಇಡೀ ಮೈಭಾರ ಹಾಕಿ ಎರಡು ಬೋಲ್ಟನ್ನೂ ಬಿಗಿದರು. ಒಳಗೆ ಎಲ್ಲೋ ಕಟಕ್ ಎಂದಿತು. ಮತ್ತೆ ಚಾಲೂ ಮಾಡಿದಾಗ ಬೈಕು ಕಿರುಚಿದ ಪರಿಗೆ ಹಳೆಯ ಕಿರುಚಾಟ ಜೋಗುಳವೆನಿಸಿತು.

ಬೀದಿಯ ಕೊನೆಯ ಮೆಕ್ಯಾನಿಕ್ಕಿನ ಹತ್ತಿರ ತಳ್ಳಿಕೊಂಡು ಹೋದರು. ಅಳತೆಯಣ್ಣ ಹ್ಯಾಂಡಲ್ ಹಿಡಿದ, ಟೈಲರ್ ಹಿಂದಿನಿಂದ ತಳ್ಳಿದ, ಡ್ರಿಲ್ ಮಾಸ್ತರು ಪಕ್ಕದಲ್ಲಿ "ಎಡಾ, ಬಲಾ" ಅಂದರು.

ಮೆಕ್ಯಾನಿಕ್ ಬಿಚ್ಚಿ ನೋಡಿದ. "ಯಾರ್ರೀ ಇದನ್ನ ಹೀಗೆ ಬಿಗಿದಿದ್ದು? ಕೊಳವೆಗೆ ಬೋಲ್ಟು ಕೂರೋ ಕಿವಿ ಎರಡೂ ಬಾಗಿದೆ!"

ಡ್ರಿಲ್ ಮಾಸ್ತರು ಆಕಾಶದಲ್ಲಿ ಏನನ್ನೋ ಹುಡುಕತೊಡಗಿದರು.

"ನಾನೇ," ಅಂದ ಅಳತೆಯಣ್ಣ.

ಒಳಗಿನ ಸೀಲು, ಬಳೆಯಂಥ ಸಣ್ಣ ರಬ್ಬರ್ ರಿಂಗು, ಚಪ್ಪಟೆಯಾಗಿ ಒಣಗಿದ ಸಿಪ್ಪೆಯ ಹಾಗಿತ್ತು. "ಹೊಸದು ಎಲ್ಲೂ ಸಿಗಲ್ಲ," ಅಂದ ಮೆಕ್ಯಾನಿಕ್. "ಈ ಗಾಡಿ ಮಾಡಿದ ಕಂಪನೀನೇ ಎಷ್ಟೋ ವರ್ಷದ ಹಿಂದೆ ನಿಮ್ಮ ಗಿರಾಕಿ ಆಯ್ತು."

ಅಳತೆಯಣ್ಣ ತನ್ನ ಚೀಲ ತಡಕಾಡಿದ. ಪೆಟ್ಟಿಗೆ ನುಣುಪು ಮಾಡುವ ಉಪ್ಪುಕಾಗದ ಸಿಕ್ಕಿತು. ದೂರದ ಊರಿಗೆ ಹೋಗುವ ಪೆಟ್ಟಿಗೆಗಳ ಮುಚ್ಚಳದ ಸುತ್ತ ಕೂರಿಸುವ ರಬ್ಬರ್ ಹುರಿಯ ಒಂದು ತುಂಡೂ ಸಿಕ್ಕಿತು.

"ಇದು ಆಗುತ್ತಾ?"

ಮೆಕ್ಯಾನಿಕ್ ಎಳೆದು ನೋಡಿದ, ಕಚ್ಚಿ ನೋಡಿದ, ಎಲ್ಲಿಯದೆಂದು ತಿಳಿದ ಮೇಲೆ ಬಾಯಿ ಒರೆಸಿಕೊಂಡ. "ಗಾಳಿ ಬಿಡಲ್ಲ ತಾನೇ?"

"ಇದುವರೆಗೂ ಒಳಗಿನವರು ಯಾರೂ ಕಂಪ್ಲೇಂಟ್ ಮಾಡಿಲ್ಲ."

ಟೈಲರ್ ತನ್ನ ಟ್ರಯಲ್ ರೂಮಿನ ಕನ್ನಡಿಯನ್ನೇ ಕಳಚಿ ತಂದ. ಅದರ ಮೇಲೆ ಉಪ್ಪುಕಾಗದ ಹಾಸಿ, ಕೊಳವೆಯ ಬಾಗಿದ ಮುಖವನ್ನು ಎಂಟಂಕಿ ಬರೆದಂತೆ ತಿರುಗಿಸಿ ತಿರುಗಿಸಿ ಉಜ್ಜಿ ಸಮ ಮಾಡಿದರು. ಮೆಕ್ಯಾನಿಕ್ ಹುರಿಯನ್ನು ಓರೆಯಾಗಿ ಕತ್ತರಿಸಿ, ಗೋಂದು ಹಚ್ಚಿ, ರಿಂಗು ಮಾಡಿ ಗಾಡಿಯಲ್ಲಿ ಕೂರಿಸಿದ. ಬೋಲ್ಟುಗಳನ್ನು ಎರಡು ಬೆರಳಿನಲ್ಲಿ, ಸ್ವಲ್ಪ ಇದು ಸ್ವಲ್ಪ ಅದು ಅಂತ, ಮಗುವಿಗೆ ಗುಂಡಿ ಹಾಕುವಷ್ಟು ಮೆತ್ತಗೆ ಬಿಗಿದ. ಹಳೆಯ ರಿಂಗನ್ನು ಎಸೆಯಲು ಮನಸ್ಸು ಬಾರದೆ ಅಳತೆಯಣ್ಣ ಜೇಬಿಗೆ ಹಾಕಿಕೊಂಡ.

ಕಿಕ್ ಹೊಡೆದರು. ಬೈಕು ಗುಟುಗುಟು ಎಂದು, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ, ತನ್ನಷ್ಟಕ್ಕೆ ತಾನು ಹಾಡಿಕೊಂಡಿತು. ಡ್ರಿಲ್ ಮಾಸ್ತರು ಸೆಲ್ಯೂಟ್ ಹೊಡೆದರು.

ದಾರಿಯಲ್ಲಿ ಒಂದು ಸಿಗ್ನಲ್ಲಿನಲ್ಲೂ ಗಾಡಿ ಸಾಯಲಿಲ್ಲ. ದೊಡ್ಡ ಮನೆ ಒಂದು ಏರು ಬೀದಿಯ ತುದಿಯಲ್ಲಿತ್ತು. ಅಲ್ಲಿಗೆ ಉಸಿರೂ ಎತ್ತದೆ ಹತ್ತಿತು. ಅಳತೆಯಣ್ಣ ಒಳಗೆ ಕಾಲಿಡುವಾಗ ಹಾಲಿನ ಗಡಿಯಾರ ಮೂರು ಹೊಡೆಯುತ್ತಿತ್ತು. ಹೇಳಿದ ಹೊತ್ತಿಗೆ ಒಂದು ಮನೆ ತಲುಪಿದ್ದು ಅವನ ಜೀವನದಲ್ಲಿ ಇದೇ ಮೊದಲು. ಹೆಮ್ಮೆಯಿಂದ ಕೋಟಿನ ಗುಂಡಿ ಹಾಕಿಕೊಂಡ.

ಬಾಗಿಲು ತೆರೆದೇ ಇತ್ತು. ಅವನು ಬಂದದ್ದು ಯಾರಿಗೂ ಕೇಳಿಸಿರಲಿಲ್ಲ. ಅಡುಗೆಮನೆಯಿಂದ ಒಂದು ಗಂಡಸಿನ ದನಿ, ಪತ್ರಿಕೆಗೆ ಯಾವ ಫೋಟೋ ಕೊಡುವುದೆಂದು ವಾದಿಸುತ್ತಿತ್ತು. ದುಃಖದ ಮನೆಯವರನ್ನು ಕರೆದು ತೊಂದರೆ ಕೊಡುವುದೇಕೆಂದು ಅಳತೆಯಣ್ಣ ಬೆಕ್ಕಿನ ಹೆಜ್ಜೆಯಲ್ಲಿ ಒಳಕೋಣೆಗೆ ಹೋದ. ಮಂಚದ ಮೇಲೆ ಹಿರಿಯರೊಬ್ಬರು ಗಲ್ಲದವರೆಗೆ ಹೊದ್ದು, ಕಣ್ಣು ಮುಚ್ಚಿ, ನೆಟ್ಟಗೆ ಮಲಗಿದ್ದರು. ಅವನು ಒಂದು ನಿಮಿಷ ತಲೆ ಬಾಗಿಸಿ ನಿಂತ. ಆಮೇಲೆ ಸರ್ರನೆ ಟೇಪು ಎಳೆದ. ತಲೆಯಿಂದ ಹಿಮ್ಮಡಿಗೆ ಹಿಡಿದ. ಅದನ್ನು ಅಂಗೈಯಲ್ಲಿ ಗುರುತು ಹಾಕಿಕೊಂಡು ಭುಜಕ್ಕೆ ಬಂದ.

"ಟೇಪು ತಣ್ಣಗಿದೆ," ಅಂದರು ಹಿರಿಯರು.

ಅಳತೆಯಣ್ಣನ ಕೈಯಿಂದ ಟೇಪು ಜಾರಿ, ಹಾವಿನಂತೆ ಸುರುಳಿ ಸುತ್ತಿಕೊಂಡಿತು. ಅವನ ಕಸುಬಿನಲ್ಲಿ ಇದುವರೆಗೆ ಯಾರೂ ಮಾತಾಡಿರಲಿಲ್ಲ.

"ಯಾರು ನೀವು?"

"ನಾನು... ಅಳತೆ... ಟೈಲರ್ ಸಾರ್." ಬಗ್ಗಿ ಟೇಪು ಎತ್ತಿಕೊಂಡ. "ಕೋಟು... ನಿಮಗೆ ಕೋಟು ಹೊಲಿಯೋಕೆ..."

ಹಿರಿಯರು ಒಂದು ಕಣ್ಣಿನಲ್ಲಿ ಅವನನ್ನು ನೋಡಿದರು. "ಪೆಟ್ಟಿಗೆ ಅಂಗಡಿಯವನೇನೋ ಅಂದ್ಕೊಂಡೆ. ಆದ್ರೆ ಅವನ ಗಾಡಿ ಕಿರುಚಬೇಕಿತ್ತಲ್ಲ. ಒಂದು ವಾರದಿಂದ ಅದಕ್ಕೇ ಕಿವಿ ಇಟ್ಕೊಂಡು ಮಲಗಿದೀನಿ. ಅದು ಕಿರುಚೋವರೆಗೂ ನನಗೆ ಟೈಮಿದೆ ಅಂತ."

"ಛೆ ಛೆ, ಏನ್ ಮಾತು ಸಾರ್!"

"ಕೋಟಿಗೆ ತೋಳಿನ ಅಳತೆ ಬೇಡ್ವೇ?" ಹೊದಿಕೆಯೊಳಗಿಂದ ಕಡ್ಡಿಯಂಥ ಕೈಯೊಂದು ಹೊರಬಂತು. "ಎದೆ?"

ಅಳತೆಯಣ್ಣ ತೋಳು ಅಳೆದ. ಎದೆ ಅಳೆಯಲು ಹಿರಿಯರು ದಿಂಬಿಗೊರಗಿ ಎದ್ದು ಕೂತರು. ಕೂತವರು, "ಮಗಳೇ, ಮೊಟ್ಟೆ ಬೇಯಿಸಿ ತಾ! ಎರಡು!" ಎಂದು ಕೂಗಿದರು.

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಮಗಳು ಓಡಿ ಬಂದು ಬಾಯಿಗೆ ಸೆರಗು ಹಿಡಿದು ನಿಂತಳು. ಅಳಿಯ ಬಂದು, ಕೂತಿದ್ದ ಮಾವನನ್ನು ಒಮ್ಮೆ, ಕರಿ ಕೋಟನ್ನು ಒಮ್ಮೆ ನೋಡಿ, ಅಳತೆಯಣ್ಣನ ಕಾಲರ್ ಹಿಡಿದು ಮೆಟ್ಟಿಲವರೆಗೆ ಎಳೆದೊಯ್ದ.

"ಮೂರು ಅಂದ್ರೆ ಐದಕ್ಕೆ ಬರೋನಲ್ವೇನಯ್ಯ ನೀನು? ಇಡೀ ಊರಿಗೇ ಗೊತ್ತು! ಡಾಕ್ಟ್ರು ಐದರೊಳಗೆ ಮುಗಿಯುತ್ತೆ ಅಂದಿದ್ರು, ಅದಕ್ಕೇ ಮೂರು ಅಂತ ಹೇಳಿದ್ದು!"

"ಗಾಡಿ ರಿಪೇರಿ ಆಯ್ತು ಸಾರ್..."

"ಕಿರುಚಿದ್ರೆ ಬಾಗಿಲಲ್ಲೇ ತಡೀತಿದ್ದೆ! ಕಳ್ಳನ ಹಾಗೆ ನುಗ್ತೀಯಾ?"

ಅವನು ಬೈಕಿನ ಹತ್ತಿರ ಬಂದಾಗ ಮಗಳು ಹಿಂದೆಯೇ ಓಡಿ ಬಂದು ಒಂದು ಲೋಟ ನೀರು ಕೊಟ್ಟಳು. "ಎಷ್ಟು ದಿನ ಆಗಿತ್ತೋ ಅಣ್ಣ, ಅಪ್ಪ ಏನಾದ್ರೂ ಬೇಕು ಅಂತ ಕೇಳಿ," ಎಂದು ಲೋಟ ವಾಪಸು ತೆಗೆದುಕೊಂಡು ಒಳಗೆ ಹೋದಳು.

ಅಂಗಡಿಯಲ್ಲಿ ಯಜಮಾನ ಮೇಜಿನ ಹಿಂದೆ ಕೆಂಡವಾಗಿದ್ದ. ಮೂಲೆಯಲ್ಲಿ ಬಾಮೈದ ಕೈ ಚಾಚಿಯೇ ಕೂತಿದ್ದ.

"ತಡವಾಗಿ ಹೋದ್ರೆ ಬೈತಾರೆ ಅಷ್ಟೇ. ಮೊದಲೇ ಹೋದ್ರೆ ಪೊಲೀಸ್ರನ್ನ ಕರೀತೀವಿ ಅಂತಿದಾರೆ! ಬರೋದು ನಾಲ್ಕು ಜನಕ್ಕೆ ಕೇಳಿಸ್ಬೇಕಯ್ಯ ನಮ್ಮ ವ್ಯಾಪಾರದಲ್ಲಿ. ನಾಳೆ ಬೆಳಿಗ್ಗೆ ಆ ಗಾಡಿ ಮೊದಲಿನ ಹಾಗೆ ಕಿರುಚಬೇಕು. ಇಲ್ಲಾಂದ್ರೆ ಟೇಪು ಬಾಮೈದನ ಕೈಗೆ."

ಸಂಜೆ ಅಂಗಳದಲ್ಲಿ ಅಳತೆಯಣ್ಣ ಮತ್ತೆ ಕುಕ್ಕರಗಾಲಿನಲ್ಲಿ ಕೂತ. ಹೊಸ ಸೀಲು ತೆಗೆದ. ಜೇಬಿನಿಂದ ಹಳೆಯ ಒಣ ರಿಂಗು ತೆಗೆದು ಕೂರಿಸಿದ. ಡ್ರಿಲ್ ಮಾಸ್ತರು ಸ್ಪ್ಯಾನರಿಗೆ ಕೈ ಚಾಚಿದರು, ಈ ಸಲ ಯಾರೂ ಬೇಡ ಅನ್ನಲಿಲ್ಲ. ಟೈಲರ್ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡ.

"ಕೋಟು ಅಂತ ಹೇಳಿಬಿಟ್ಟಿದೀಯ, ಹೊಲಿಯೋಣ ಬಿಡು. ಬಟ್ಟೆ ನಂದು, ಹೊಲಿಗೆ ನಂದು. ಆದ್ರೆ ಒಂದು ಮಾತು. ಎದುರಿಗೆ ಸಿಕ್ಕಾಗೆಲ್ಲ ನನ್ನನ್ನ ತಲೆಯಿಂದ ಕಾಲಿನ ತನಕ ನೋಡ್ತೀಯಲ್ಲ, ಅದನ್ನ ಬಿಡಬೇಕು."

ಭಾನುವಾರ ಅಳತೆಯಣ್ಣ ಕೋಟನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಟ. ಆ ಏರು ಬೀದಿಗೆ ಎರಡು ಬೀದಿ ಮೊದಲೇ ಇಂಜಿನ್ ಆರಿಸಿ, ಅದು ಕಿರುಚಿ ಮುಗಿಸುವವರೆಗೆ ಕಾದು, ಇಳಿದು ತಳ್ಳತೊಡಗಿದ. ಬಾಗಿಲು ತಲುಪುವಷ್ಟರಲ್ಲಿ ಅಂಗಿ ತೊಯ್ದು ಬೆನ್ನಿಗೆ ಅಂಟಿತ್ತು.

ಹಿರಿಯರು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಕೋಟು ತೊಟ್ಟು, ತೋಳು ಎತ್ತಿ, ಇಳಿಸಿ ನೋಡಿದರು. ಹೇಳಿ ಮಾಡಿಸಿದ ಹಾಗಿತ್ತು.

"ಯಾಕೆ ತಳ್ಕೊಂಡು ಬಂದ್ರಿ?"

"ಪೆಟ್ರೋಲ್ ಮುಗೀತು ಸಾರ್."

"ಸರಿಯಾಗಿ ನಮ್ಮ ಬೀದಿ ಬರೋ ಮೊದಲೇ?" ಹಿರಿಯರು ಗುಂಡಿ ಹಾಕಿಕೊಳ್ಳುತ್ತ ಅಂದರು, "ಜೀವನದಲ್ಲಿ ಎಷ್ಟೋ ಕೋಟು ಹೊಲಿಸಿದೀನಿ ಕಣ್ರೀ. ಯಾವ ಟೈಲರೂ ಸ್ಟೀಲ್ ಟೇಪು ತರಲಿಲ್ಲ. ತಲೆಯಿಂದ ಹಿಮ್ಮಡಿಗೆ ಯಾರೂ ಅಳೀಲಿಲ್ಲ."

ಅಳತೆಯಣ್ಣನಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. "ಮತ್ತೆ ಅವತ್ತು ಯಾಕೆ ಸುಮ್ಮನಿದ್ರಿ ಸಾರ್?"

"ಸುಳ್ಳು ಹೇಳೋಕೆ ಎಷ್ಟು ಕಷ್ಟಪಡ್ತಿದ್ರಿ ನೀವು! ನನಗೋಸ್ಕರ ಒಬ್ಬರು ಅಷ್ಟು ಕಷ್ಟಪಟ್ಟು ಬಹಳ ದಿನ ಆಗಿತ್ತು. ಮೊಟ್ಟೆ ತಿನ್ನೋಣ ಅನ್ನಿಸ್ತು." ಕೋಟಿನ ಕಾಲರ್ ಸರಿಮಾಡಿಕೊಂಡರು. "ಆ ಮೊದಲನೇ ಅಳತೆ ಇದೆಯಾ?"

"...ಇದೆ ಸಾರ್."

"ಇಟ್ಕೊಂಡಿರಿ. ಅದು ಬೇಕಾದ ದಿನ ಕಿರುಚಿಸಿಕೊಂಡೇ ಬನ್ನಿ, ಅಳಿಯ ಬೆಚ್ಚಿ ಬೀಳಬೇಕು. ಅಲ್ಲೀವರೆಗೆ ಈ ಕೋಟಿಗೊಂದು ಪ್ಯಾಂಟು ಬೇಕಲ್ಲ. ಮುಂದಿನ ಭಾನುವಾರ ತಗೊಂಡು ಬನ್ನಿ. ಅದಾದ ಮೇಲೆ ಒಳಗೆ ಹಾಕೋಕೆ ಒಂದು ವೇಸ್ಟ್‌ಕೋಟು."

"ನಿಮಗೆ ಎಲ್ಲಾ ಗೊತ್ತಾಗಿದೆಯಲ್ಲ ಸಾರ್," ಅಳತೆಯಣ್ಣ ಆಸೆಯಿಂದ ಕೇಳಿದ, "ಇನ್ನು ಮೇಲೆ ಗಾಡಿ ಹತ್ತಿಕೊಂಡೇ ಬರಬಹುದಾ?"

ಹಿರಿಯರು ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟರು.

"ಬೇಡ ಬೇಡ. ಇದೇ ಬೀದಿಯಲ್ಲಿ ಇನ್ನೂ ಇಬ್ಬರು ಕಾಯಿಲೆ ಬಿದ್ದು ಮಲಗಿದಾರೆ. ಇಬ್ಬರಿಗೂ ಕಿವಿ ಚುರುಕು. ತಳ್ಕೊಂಡೇ ಬನ್ನಿ."